ಪಾಸಿಂಗ್ ಆಗ್ಯಾದ ಅಂದ್ರ ಗಾಡಿ ಗಟ್ಟಿ ಅದ ಅಂತೇನು?

ಪ್ರಶ್ನೆ: ನಮ್ಮ ಹುಡುಗ ಕಲಬುರಗಿಯ ಜೇವರ್ಗಿ ರಸ್ತೆಯಿಂದ ದಿನಾ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಾನೆ. ಬ್ರೇಕ್ ಹಾಕಿದಾಗ ಸದ್ದು ಬರುತ್ತದೆ. ಡ್ರೈವರಿಗೆ ಕೇಳಿದರೆ, ‘ಹೋದ ತಿಂಗಳೇ ಪಾಸಿಂಗ್ ಆಗ್ಯಾದ್ರಿ, ಇನ್ನ ಒಂದ್ ವರ್ಷ ಚಿಂತಿ ಇಲ್ಲ’ ಅನ್ನುತ್ತಾನೆ. ಪಾಸಿಂಗ್ ಆಗಿ ಎಫ್‌ಸಿ, ಅಂದರೆ ಆರ್‌ಟಿಒ ಪರೀಕ್ಷೆಯ ಫಿಟ್‌ನೆಸ್ ಪತ್ರ, ಸಿಕ್ಕ ಗಾಡಿಯನ್ನು ನಂಬಬಹುದೇ?

ಉತ್ತರ: ಈ ಪ್ರಶ್ನೆ ನನಗೆ ಹಳೆಯ ನೆಂಟ. ಒಮ್ಮೆ ಟಂಟಂ ಆಟೊ ಹತ್ತಿ ಬರುತ್ತದೆ, ಒಮ್ಮೆ ಕ್ರೂಸರ್ ಹತ್ತಿ, ಒಮ್ಮೆ ಗಂಜ್ ಮಾರುಕಟ್ಟೆಯ ಅಡತಿ ವ್ಯಾಪಾರಿ ಕೊಳ್ಳಲು ಹೊರಟ ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಹತ್ತಿ. ಈ ಸಲ ಶಾಲೆ ವ್ಯಾನಿನಲ್ಲಿ ಬಂದಿದೆ. ಮಕ್ಕಳ ವಿಷಯವಾದ್ದರಿಂದ ಬೇಸರ ಬದಿಗಿಟ್ಟು ಮತ್ತೊಮ್ಮೆ ಬರೆಯುತ್ತೇನೆ.

ಚಿಕ್ಕ ಉತ್ತರ: ಎಫ್‌ಸಿ ಇಲ್ಲದ ಬಾಡಿಗೆ ಗಾಡಿಗೆ ಮಕ್ಕಳನ್ನು ಹತ್ತಿಸಲೇಬೇಡಿ. ಎಫ್‌ಸಿ ಇದ್ದರೆ, ಗಾಡಿಯನ್ನು ಕಣ್ಣಾರೆ ನೋಡಿ ಆಮೇಲೆ ಹತ್ತಿಸಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಪ್ರಕಾರ ಸಾರಿಗೆ ವಾಹನಕ್ಕೆ ಫಿಟ್‌ನೆಸ್ ಪತ್ರ ಇಲ್ಲದಿದ್ದರೆ ಅದರ ನೋಂದಣಿಯೇ ಊರ್ಜಿತವಲ್ಲ. ಹೊಸ ಗಾಡಿಗೆ ಮೊದಲ ಪತ್ರ 2 ವರ್ಷದ್ದು. ಗಾಡಿಗೆ 8 ವರ್ಷ ಆಗುವ ತನಕ 2 ವರ್ಷಕ್ಕೊಮ್ಮೆ, 8 ದಾಟಿದ ಮೇಲೆ ವರ್ಷಕ್ಕೊಮ್ಮೆ ಪಾಸಿಂಗ್. ನಿಮ್ಮ ಡ್ರೈವರ್ ‘ಹೋದ ತಿಂಗಳು ಆಗ್ಯಾದ, ಒಂದ್ ವರ್ಷ ಚಿಂತಿ ಇಲ್ಲ’ ಅಂದನಲ್ಲ? ಅವನ ಮಾತು ನಿಜವಾದರೆ ವ್ಯಾನಿಗೆ 8 ವರ್ಷ ದಾಟಿದೆ ಎಂದಾಯಿತು. ಅವನು ಹೇಳದ ಸಂಗತಿಯನ್ನು ಅವನ ಮಾತೇ ಹೇಳಿಬಿಟ್ಟಿತು. ಇಂಥದ್ದನ್ನು ಹಿಡಿಯುವುದು ನನಗೆ ಖುಷಿ, ಕ್ಷಮಿಸಿ.

ಈಗ ಅಸಲು ರೋಗಕ್ಕೆ ಬರೋಣ. ‘ಪಾಸಿಂಗ್ ಆಯ್ತಂದ್ರ ವರ್ಷದ ತನ ಗ್ಯಾರಂಟಿ.’ ಈ ಮಾತು ನಮ್ಮ ಕಡೆ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಅಂದರೆ ಡ್ರೈವರ್, ಮಾಲೀಕ, ಶಾಲೆ, ಪಾಲಕರು ನಾಲ್ವರೂ ಇದನ್ನೇ ಹೇಳಿ ಒಬ್ಬರಿಗೊಬ್ಬರು ಸಮಾಧಾನ ಮಾಡಿಕೊಳ್ಳುತ್ತಾರೆ. ಗ್ಯಾರಂಟಿ ಬೇಕಾದರೆ ಮಿಕ್ಸರ್ ತಗೊಳ್ಳಿ, ಅದಕ್ಕೆ ಅಂಗಡಿಯವನು ಸೀಲ್ ಹಾಕಿಕೊಡುತ್ತಾನೆ. ಎಫ್‌ಸಿ ಹೇಳುವುದು ಇಷ್ಟೇ: ಈ ದಿನ, ಈ ಅಂಗಳದಲ್ಲಿ, ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸಿದ ಗಾಡಿ ನಿಯಮಕ್ಕೆ ತಕ್ಕ ಹಾಗೆ ಇತ್ತು. ಅದರ ಮೇಲಿರುವ ಮುಂದಿನ ತಾರೀಖು ಮತ್ತೆ ಯಾವಾಗ ತಂದು ತೋರಿಸಬೇಕು ಎಂಬುದಕ್ಕೆ. ಅಲ್ಲಿಯ ತನಕ ಬ್ರೇಕ್ ಬಾಳುತ್ತದೆ ಎಂದು ಯಾವ ಇನ್‌ಸ್ಪೆಕ್ಟರೂ ಬರೆದುಕೊಟ್ಟಿಲ್ಲ.

ಲೆಕ್ಕ ಹಾಕಿ ನೋಡಿ. ವ್ಯಾನು ಬೆಳಿಗ್ಗೆ ಎರಡು ಟ್ರಿಪ್, ಸಂಜೆ ಎರಡು ಟ್ರಿಪ್, ನಡುವೆ ಸೂಪರ್ ಮಾರ್ಕೆಟ್ ಕಡೆ ಒಂದೆರಡು ಬಾಡಿಗೆ ಹೊಡೆದರೆ ದಿನಕ್ಕೆ 80 ಕಿಲೋಮೀಟರ್ ಸುಲಭವಾಗಿ ಓಡುತ್ತದೆ. 300 ದಿನಕ್ಕೆ 24,000 ಕಿಲೋಮೀಟರ್. ಪ್ರತಿ ಮನೆಯ ಮುಂದೆ ನಿಂತು ಹೊರಡುವ ಗಾಡಿ, ಹೈವೇ ಗಾಡಿಯ ಹಾಗೆ ಅಲ್ಲ. ಅದರ ಬ್ರೇಕಿಗೆ ಪುರುಸೊತ್ತೇ ಇಲ್ಲ. ಮೇಲೆ ನಮ್ಮ ಬಿಸಿಲು. ಏಪ್ರಿಲ್-ಮೇನಲ್ಲಿ 42, 43 ಡಿಗ್ರಿ ಕಾಯುವ ರಸ್ತೆ, ಸೇಡಂ ರಸ್ತೆ ಕಡೆ ಹೋದರೆ ಸಿಮೆಂಟಿನ ಧೂಳು. ಜೂನ್‌ನಲ್ಲಿ ಪಾಸಾದ ಗಾಡಿ ಮುಂದಿನ ಮೇ ಹೊತ್ತಿಗೆ ಅದೇ ಗಾಡಿ ಆಗಿರಲು ಸಾಧ್ಯವೇ?

ಇದಕ್ಕಿಂತ ದೊಡ್ಡ ಸಮಸ್ಯೆ ಅಂದರೆ, ಪಾಸಿಂಗ್ ದಿನ ಕೂಡ ಅದು ಅದೇ ಗಾಡಿ ಆಗಿರುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಡ್ರೈವಿಂಗ್ ಕಲಿಸಲು ಶುರುಮಾಡುವ ಮೊದಲು ನಾನು ಗ್ಯಾರೇಜಿನಲ್ಲಿದ್ದೆ. ಒಂದು ಬೆಳಿಗ್ಗೆ ಗಿರಾಕಿಯೊಬ್ಬರ ಗಾಡಿ ಪಾಸಿಂಗಿಗೆ ತಗೊಂಡು ಹೋಗಿದ್ದೆ. ಯಾವ ಊರಿನ ಕಚೇರಿ ಅಂತ ಕೇಳಬೇಡಿ, ಎಲ್ಲ ಊರಲ್ಲೂ ಒಂದು ಬೇವಿನ ಮರ ಇರುತ್ತದೆ. ಆ ಮರದ ಕೆಳಗೆ ಜಾಕ್ ಇಟ್ಟುಕೊಂಡು ಒಬ್ಬ ಹುಡುಗ ಕುಳಿತಿದ್ದ. ಪಕ್ಕದಲ್ಲಿ ನಾಲ್ಕು ಒಳ್ಳೆಯ ಟೈರು, ರಿಮ್ಮು ಸಮೇತ. ಒಂದು ಟೈರಿನ ಪಕ್ಕೆಯಲ್ಲಿ ಅರ್ಧಚಂದ್ರದ ಹಾಗೆ ಕೊಯ್ದ ಗಾಯ, ಅದಕ್ಕೆ ಕಪ್ಪು ಸೊಲ್ಯೂಷನ್ ಮೆತ್ತಿದ್ದರು. ಮೊದಲು ಒಂದು ಗೂಡ್ಸ್ ಗಾಡಿಗೆ ಆ ನಾಲ್ಕೂ ಹತ್ತಿದವು. ಗಾಡಿ ಒಳಗೆ ಹೋಗಿ ಅರ್ಧ ತಾಸಿನಲ್ಲಿ ಹೊರಗೆ ಬಂತು. ನಟ್ಟು ಬಿಚ್ಚಿ ಹಳೆಯ ನುಣ್ಣನೆ ಟೈರು ಹಾಕಿದ. ಮುಂದಿನ ಗಾಡಿಗೆ ಮತ್ತೆ ಆ ನಾಲ್ಕು. ಮೂರನೆಯ ಗಾಡಿ ಒಳಗೆ ಹೋಗುವಾಗ ಹಿಂದಿನ ಗಾಲಿಯಲ್ಲಿ ಆ ಅರ್ಧಚಂದ್ರ ತಿರುಗುತ್ತಾ ಹೋಯಿತು, ನನಗೆ ನಗು ತಡೆಯಲಿಲ್ಲ. ಒಂದೇ ಜೋಡಿ ಚಪ್ಪಲಿ ಹಾಕಿಕೊಂಡು ಮೂವರು ಅಣ್ಣತಮ್ಮಂದಿರು ಸರದಿಯಲ್ಲಿ ಕನ್ಯೆ ನೋಡಲು ಹೋದ ಹಾಗೆ!

ಟೈರು ಒಂದೇ ಅಲ್ಲ. ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ, ಹಿಂದಿನ ಕೆಂಪು ಲೈಟು, ಇವೂ ಕೈಬದಲಾಗುತ್ತವೆ. ಕನ್ಯೆ ನೋಡಲು ಬರುವ ದಿನ ಪಕ್ಕದ ಮನೆಯ ಸೋಫಾ ತಂದಿಡುವುದು ನಮಗೆ ಹೊಸದೇ? ಬೀಗರು ಸೋಫಾ ನೋಡಿ ಮೆಚ್ಚಿದರೆ ತಪ್ಪು ಬೀಗರದ್ದು ಅನ್ನುತ್ತೀರಾ?

ಎಫ್‌ಸಿ ಬಗ್ಗೆ ಬಾಯಿ ತೆರೆದವರೆಲ್ಲ ಮೊದಲು ಬಯ್ಯುವುದು ಕಚೇರಿಯನ್ನು. ‘ಎಲ್ಲಾ ರೊಕ್ಕದ ಆಟ ಬಿಡ್ರಿ’ ಎಂದು ಕೈ ಕೊಡವಿ ಎದ್ದುಬಿಡುತ್ತಾರೆ. ಮೇಜಿನ ಕೆಳಗೆ ಏನೂ ನಡೆಯುವುದಿಲ್ಲ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಆ ಬೇವಿನ ಮರ ಕಚೇರಿಯ ಗೇಟಿನ ಹೊರಗಿತ್ತು. ಟೈರು ಬಾಡಿಗೆಗೆ ತಂದವನು ಗಾಡಿ ಮಾಲೀಕ. ಸರ್ಕಾರಕ್ಕೆ ಮೋಸ ಮಾಡಿದೆ ಅಂದುಕೊಂಡು ಮಧ್ಯಾಹ್ನ ಅದೇ ನುಣ್ಣನೆ ಟೈರಿನ ಮೇಲೆ ಮನೆಗೆ ಹೋದವನೂ ಅವನೇ.

ಏಜೆಂಟ್ ಇಲ್ಲದೆ ಆಗುವುದಿಲ್ಲ ಎಂಬುದಕ್ಕೆ ಎರಡೇ ಮಾತು. ಅರ್ಜಿ ಮತ್ತು ಫೀ ಆನ್‌ಲೈನ್ ಆಗಿ ಬಹಳ ದಿನವಾಯಿತು. ಏಜೆಂಟನಿಗೆ ನೀವು ಕೊಡುವುದು ಗಾಡಿ ಪಾಸಾಗಲಿಕ್ಕಲ್ಲ, ನಿಮ್ಮ ಆಲಸ್ಯಕ್ಕೆ.

ಮಷೀನು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ನಾನು ಅದರ ಪರ. ಗಾಲಿಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ಹಾಕಿದರೆ ಎಡಗಾಲಿ ಎಷ್ಟು ಹಿಡಿಯಿತು, ಬಲಗಾಲಿ ಎಷ್ಟು ಹಿಡಿಯಿತು ಎಂದು ಬೇರೆ ಬೇರೆ ತೋರಿಸುತ್ತದೆ. ಅಂಗಳದಲ್ಲಿ ಹತ್ತು ಗಜ ಓಡಿಸಿ ಬ್ರೇಕ್ ಒತ್ತುವ ಯಾವ ನಿಪುಣನಿಗೂ ಆ ಅಂಕಿ ಕಾಣುವುದಿಲ್ಲ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಹಿಡಿಯುವ ಗಾಡಿ, ಮಳೆಯಲ್ಲಿ ಗಟ್ಟಿ ಬ್ರೇಕ್ ಹಾಕಿದ ಗಳಿಗೆಗೆ ಅಡ್ಡ ತಿರುಗುತ್ತದೆ. ಇನ್ನೊಂದು ಒಳ್ಳೆಯದೂ ಆ ನಿಯಮದಲ್ಲಿದೆ: ಪರೀಕ್ಷೆ ಮಾಡುವ ಕೇಂದ್ರ ರಿಪೇರಿ ಮಾಡುವ ಹಾಗಿಲ್ಲ. ಹರಿದಿದೆ ಎಂದು ಹೇಳುವವನೂ ಹೊಲಿದು ಕಾಸು ಎಣಿಸುವವನೂ ಒಬ್ಬನೇ ಆದರೆ ಎಲ್ಲ ಅಂಗಿಯೂ ಹರಿದೇ ಕಾಣುತ್ತದೆ. ಆದರೆ ರೋಲರಿಗೆ ಟೈರು ಯಾರದು ಎಂದು ಗೊತ್ತಾಗುತ್ತದೆಯೇ? ಅರ್ಧಚಂದ್ರದ ಟೈರು ಅಲ್ಲಿಯೂ ಪಾಸೇ.

‘ಎಫ್‌ಸಿ ಇತ್ತಲ್ಲ’ ಎಂಬುದು ಕಾನೂನಿನ ಮುಂದೆಯೂ ಪೂರಾ ಗುರಾಣಿಯಲ್ಲ. ಪತ್ರದ ಅವಧಿ ಇನ್ನೂ ಇದ್ದರೂ ಗಾಡಿ ಕೆಟ್ಟಿದೆ ಎಂದು ಕಂಡರೆ, ಕಾರಣ ಬರೆದು ಪತ್ರ ರದ್ದು ಮಾಡುವ ಅಧಿಕಾರ ಅದೇ 56ನೇ ಕಲಮಿನಲ್ಲಿದೆ. 190ನೇ ಕಲಂ ಇನ್ನೂ ಚುರುಕು: ಅಪಾಯ ತರುವ ದೋಷ ಇದೆ ಎಂದು ಗೊತ್ತಿದ್ದೋ, ಸಾಧಾರಣ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತೋ, ಅಂಥ ಗಾಡಿ ಓಡಿಸಿದವನಿಗೂ ಓಡಿಸಲು ಬಿಟ್ಟವನಿಗೂ 1,500 ರೂಪಾಯಿವರೆಗೆ ದಂಡ, ಅದರಿಂದ ಯಾರಿಗಾದರೂ ಪೆಟ್ಟಾದರೆ 3 ತಿಂಗಳವರೆಗೆ ಜೈಲೂ ಆಗಬಹುದು. ‘ಸಾಧಾರಣ ಎಚ್ಚರ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಬ್ರೇಕ್ ಸದ್ದು ಮಾಡುತ್ತಿದೆ ಎಂದು ಪಾಲಕರೇ ಬಂದು ಹೇಳಿದ ಮೇಲೆ ಡ್ರೈವರಿಗೆ ‘ಗೊತ್ತಿರಲಿಲ್ಲ’ ಅನ್ನುವ ದಾರಿ ಮುಚ್ಚಿತು.

ನೀವೇ ನೋಡುವುದು ಹೇಗೆ? ಟೈರಿನಿಂದ ಶುರುಮಾಡಿ. ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡವಾಗಿ ಸಣ್ಣ ದಿಣ್ಣೆ ಇರುತ್ತದೆ. ಪಕ್ಕೆಯ ಮೇಲೆ ಟಿಡಬ್ಲ್ಯೂಐ ಎಂದೋ ಸಣ್ಣ ತ್ರಿಕೋನವೋ ಇರುವ ನೇರಕ್ಕೆ ಹುಡುಕಿದರೆ ಸಿಗುತ್ತದೆ. ಟೈರು ಸವೆದು ಆ ದಿಣ್ಣೆಗೆ ಸಮನಾದರೆ ಗೀರಿನ ಆಳ 1.6 ಮಿಲಿಮೀಟರಿಗೆ ಬಂತು, ಅಂದರೆ ನಿಯಮದ ಕೊನೆ ಗೆರೆ. ಪಕ್ಕೆಯಲ್ಲೇ ನಾಲ್ಕು ಅಂಕಿ ಇರುತ್ತವೆ: 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಗೀರು ಚೆನ್ನಾಗಿದ್ದೂ ಅಂಕಿ ಬಹಳ ಹಳೆಯದಾಗಿದ್ದರೆ ರಿಸೋಲ್ ಮಾಡಿಸಿರಬಹುದು (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸುವುದು), ಪಕ್ಕೆಯಲ್ಲಿ ಬಿರುಕು ಇದೆಯೇ ನೋಡಿ. ನಮ್ಮ ಬೇಸಿಗೆಗೆ ಮೊದಲು ಬಾಯಿ ಬಿಡುವುದು ಅಂಥವೇ. ಡ್ರೈವರ್ ಗುರಾಯಿಸಿದರೆ ಗುರಾಯಿಸಲಿ.

ಆಮೇಲೆ ನಂಬರ್ ಪ್ಲೇಟು. ನೀವು ಅದರ ಬಣ್ಣ ಬರೆದಿಲ್ಲ, ಬರೆದಿದ್ದರೆ ನನ್ನ ಅರ್ಧ ಉತ್ತರ ಉಳಿಯುತ್ತಿತ್ತು. ಹಳದಿ ಬೋರ್ಡಾದರೆ ಮೇಲೆ ಹೇಳಿದ್ದೆಲ್ಲ ಅನ್ವಯ. ಬಿಳಿ ಬೋರ್ಡಾದರೆ ಅದು ಸ್ವಂತ ಬಳಕೆಗೆಂದು ನೋಂದಾಯಿಸಿದ ಗಾಡಿ; ಬಾಡಿಗೆಗೆ ಮಕ್ಕಳನ್ನು ಕೂರಿಸುವ ಹಾಗೇ ಇಲ್ಲ, ಅದಕ್ಕೆ ವರ್ಷದ ಪಾಸಿಂಗೂ ಇಲ್ಲ. ಇಲ್ಲಿ ಒಂದು ಮೋಜಿದೆ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಕೆಎ 32 ಎಂದು ಶುರುವಾಗುವ ನಮ್ಮ ಊರಿನ ನಂಬರ್ ಹೊಡೆದರೆ ಬಿಳಿ ಬೋರ್ಡಿನ ಗಾಡಿಗೂ ಫಿಟ್‌ನೆಸ್ ಇಂಥ ವರ್ಷದ ತನಕ ಎಂದು ತೋರಿಸುತ್ತದೆ. ಅದನ್ನು ನೋಡಿ, ‘ಸರ್, ನನ್ನ ಗಾಡಿಗಿ 2034ರ ತನ ಎಫ್‌ಸಿ ಅದ’ ಎಂದು ಎದೆ ಉಬ್ಬಿಸಿದವರನ್ನು ನಾನು ಕಂಡಿದ್ದೇನೆ. ಅದು ಷೋರೂಮಿನಿಂದ ಹೊರಗೆ ಬಂದ ದಿನದಿಂದ ಎಣಿಸಿದ 15 ವರ್ಷ. ಅಷ್ಟು ದಿನ ಯಾರೂ ಆ ಗಾಡಿಯ ಬ್ರೇಕ್ ಒತ್ತಿ ನೋಡುವುದಿಲ್ಲ ಎಂಬುದೇ ಅದರ ಅರ್ಥ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಟಂಟಂ ಡ್ರೈವರ್‌ಗೆ ಬಯ್ಯುವ ನಮ್ಮ ಸ್ವಂತ ಬೈಕಿನ ಗತಿ ಏನು? 8 ವರ್ಷ ದಾಟಿದ ಅವನ ಟಂಟಂ ವರ್ಷಕ್ಕೊಮ್ಮೆ ಆದರೂ ಯಾರದೋ ಮುಂದೆ ನಿಲ್ಲುತ್ತದೆ. ಗಂಡ, ಹೆಂಡತಿ, ಎರಡು ಮಕ್ಕಳು, ಮುಂದೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ರಿಂಗ್ ರೋಡಿನಲ್ಲಿ ಹೋಗುವ ಬೈಕು ಹದಿನೈದು ವರ್ಷ ಯಾರ ಮುಂದೆಯೂ ನಿಲ್ಲುವುದಿಲ್ಲ. ಎಮಿಷನ್ ಟೆಸ್ಟ್ ಇದೆಯಲ್ಲ ಅಂದೀರಿ. ಅದು ಸೈಲೆನ್ಸರಿನ ಹೊಗೆ ಮೂಸಿ ನೋಡುತ್ತದೆ, ಬ್ರೇಕಿನ ಸುದ್ದಿಗೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ 1960ರಿಂದ ಸ್ವಂತ ಕಾರಿಗೂ ಕಡ್ಡಾಯ ಪರೀಕ್ಷೆ ಇದೆ. ಶುರುವಿನಲ್ಲಿ 10 ವರ್ಷ ಹಳೆಯ ಗಾಡಿಗಳಿಗೆ ಮಾತ್ರ ಇತ್ತು. ಈಗ ಕಾರಿಗೆ 3 ವರ್ಷ ತುಂಬಿದ ಮೇಲೆ ವರ್ಷ ವರ್ಷವೂ ಮಾಡಿಸಬೇಕು. ನಮ್ಮಲ್ಲಿ ಅದನ್ನು ತಂದರೆ ಬೇವಿನ ಮರದ ಕೆಳಗೆ ಬೈಕಿನ ಟೈರುಗಳ ರಾಶಿಯೂ ಬೀಳುತ್ತದೆ ಅನ್ನುವುದು ನನಗೂ ಗೊತ್ತು. ಆದರೂ ಬರಲಿ ಅಂತೀನಿ. ಬಾಡಿಗೆ ಟೈರಿನವನು ಕೂಡ ಆ ಒಂದು ದಿನ ತನ್ನ ಟೈರು ನುಣ್ಣಗಾಗಿದೆ ಎಂದು ಒಪ್ಪಿಕೊಂಡೇ ಮರದ ಕೆಳಗೆ ಬರುತ್ತಾನೆ. ಉಳಿದ ನಾವು ಅಷ್ಟೂ ನೋಡಿಕೊಂಡಿಲ್ಲ.

 

ನಿಮ್ಮ ವ್ಯಾನಿನ ಸದ್ದಿನ ಮಾತು ಬಾಕಿ ಉಳಿಯಿತು. ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಸಣ್ಣಗೆ ‘ಕೀಂ’ ಅಂದು ಆಮೇಲೆ ಸುಮ್ಮನಾದರೆ ಧೂಳು, ಇಬ್ಬನಿ; ಸಾಮಾನ್ಯವಾಗಿ ಹೆದರಬೇಕಿಲ್ಲ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ‘ಗರ್ರ್’ ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂದರೆ ಲೈನರ್ ಮುಗಿದಿದೆ, ಲೋಹವೇ ಡ್ರಮ್ಮನ್ನು ತಿನ್ನುತ್ತಿದೆ. ಬ್ರೇಕ್ ಹಾಕಿದಾಗ ವ್ಯಾನು ಒಂದು ಕಡೆ ಎಳೆಯುತ್ತದೆಯೇ ಎಂದು ಹುಡುಗನಿಗೇ ಕೇಳಿ, ಕಿಟಕಿ ಪಕ್ಕ ಕೂರುವ ಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಗರ್ರ್’ ಆಗಿದ್ದರೆ ನಾಳೆ ಬೆಳಿಗ್ಗೆ ಅವನನ್ನು ನೀವೇ ಬಿಟ್ಟು ಬನ್ನಿ. ಹೊರಡುವ ಮೊದಲು ನಿಮ್ಮ ಬೈಕಿನ ಮುಂದಿನ ಬ್ರೇಕ್ ಒಮ್ಮೆ ಒತ್ತಿ ನೋಡಿ.