ಚಾಲ್ತಿ ಖಾತೆ ಅಂದ್ರೆ ಚಾಲ್ತಿಯಲ್ಲಿರೋ ಖಾತೆ ಅಲ್ಲ ಮಾರಾಯ್ರೆ

"ಚಾಲ್ತಿ ಖಾತೆಗಳಿಗೆ ಇನ್ಮುಂದೆ ಮಿನಿಮಮ್ ಬ್ಯಾಲೆನ್ಸ್ ಬೇಕಿಲ್ಲ" ಅನ್ನೋ ಫಾರ್ವರ್ಡ್ ಮತ್ತೆ ಬಂತು. ಸಾಕಾಯ್ತು, ಅದಕ್ಕೇ ಬರೀತಿದೀನಿ. ನಡೆದಿದ್ದು ಇಷ್ಟೇ: 2025ರ ಜೂನ್ 1ರಿಂದ ಕೆನರಾ ಬ್ಯಾಂಕ್ ತನ್ನ ಸೇವಿಂಗ್ಸ್ ಖಾತೆಗಳಲ್ಲಿ ಸರಾಸರಿ ಬ್ಯಾಲೆನ್ಸ್ ಇಲ್ಲದಿದ್ರೆ ಹಾಕ್ತಿದ್ದ ದಂಡ ಕೈಬಿಡ್ತು, ಅದರ ಹಿಂದೆನೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಕೈಬಿಟ್ವು. ಯಾವುದೋ ಗ್ರೂಪಿನಲ್ಲಿ "ಸೇವಿಂಗ್ಸ್" ಉದುರಿಹೋಗಿ ಆ ಜಾಗಕ್ಕೆ "ಚಾಲ್ತಿ" ಬಂದು ಕೂತಿದೆ. ಬರೆದ ಪುಣ್ಯಾತ್ಮರ ತಲೆಯಲ್ಲಿ ಬಹುಶಃ "ಸದ್ಯ ಚಾಲ್ತಿಯಲ್ಲಿರೋ ಎಲ್ಲಾ ಖಾತೆ" ಅಂತ ಇತ್ತೇನೋ. ಓದಿದ ಹಾರ್ಡ್‌ವೇರ್ ಅಂಗಡಿಯವ್ರು, ಮೆಡಿಕಲ್ ಶಾಪಿನವ್ರು ಮಾತ್ರ ಸೀದಾ ತಮ್ಮ ಕರೆಂಟ್ ಅಕೌಂಟ್ (ಬ್ಯಾಂಕಿನ ಭಾಷೆಯಲ್ಲಿ ಚಾಲ್ತಿ ಖಾತೆ ಅಂದ್ರೆ ಇದೇ, ವ್ಯಾಪಾರದವರ ಖಾತೆ) ಅಂತ ತಿಳ್ಕೊಂಡು ದುಡ್ಡು ಎತ್ತಿಬಿಡ್ತಾರೆ, ಮುಂದಿನ ತಿಂಗಳು ಸ್ಟೇಟ್‌ಮೆಂಟಲ್ಲಿ "ಎಎಂಬಿ ಚಾರ್ಜಸ್" (ಸರಾಸರಿ ಬ್ಯಾಲೆನ್ಸ್ ಇಲ್ಲದ್ದಕ್ಕೆ ದಂಡ) ಅಂತ ಒಂದು ಸಾಲು, ಅದರ ಕೆಳಗೆ ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಅಂತ ಇನ್ನೊಂದು ಸಾಲು ಕಂಡಾಗ ಕೌಂಟರಲ್ಲಿ ಕೂತ ಹುಡುಗಿ ಮೇಲೆ ರೇಗಾಡ್ತಾರೆ.

ಗಲಾಟೆ ಇರೋದು "ಚಾಲ್ತಿ" ಅನ್ನೋ ಪದದಲ್ಲೇ. ಬೇರು ಸಂಸ್ಕೃತದ "ಚಲ್", ಚಲಿಸು. ಅಲ್ಲಿಂದ ಮರಾಠಿ, ಹಿಂದೂಸ್ತಾನಿ ಕಡೆ ಸುತ್ತು ಹಾಕಿ ಕಚೇರಿ ಭಾಷೆ ಜೊತೆ ನಮ್ಮಲ್ಲಿಗೆ ಬಂದಿದ್ದು. ನಮ್ಮ ಲೆಕ್ಕಪತ್ರದ ಪದಗಳಲ್ಲಿ ಬೇಕಾದಷ್ಟು ಹೀಗೇ ಹೊರಗಿಂದ ಬಂದವು, ಜಮಾ, ಬಾಕಿ, ವಸೂಲಿ ಇವೆಲ್ಲ ಅರಬ್ಬಿ ಮೂಲದವು, ಯಾರಿಗೂ ಪರಕೀಯ ಅನ್ಸಲ್ಲ. ಚಲಾವಣೆ, ಬ್ಯಾಂಕಲ್ಲಿ ತುಂಬೋ ಚಲನ್, ಇವು ಚಾಲ್ತಿಯ ಅಣ್ಣತಮ್ಮಂದಿರು. ಎಲ್ಲದರಲ್ಲೂ ಇರೋದು ಓಡಾಟದ ಅರ್ಥ. ಆದ್ರೆ ದಿನಬಳಕೆಯಲ್ಲಿ ಚಾಲ್ತಿ ಮೆಲ್ಲಗೆ ಜಾರಿಕೊಂಡು "ಈಗ ಜಾರಿಯಲ್ಲಿರೋದು" ಅಂತ ಆಗಿದೆ. ಚಾಲ್ತಿ ದರ, ಚಾಲ್ತಿ ವರ್ಷದ ಪಹಣಿ, ಹಳೇ ಪದ್ಧತಿ ಇನ್ನೂ ಚಾಲ್ತಿಯಲ್ಲಿದೆ, ಹೀಗೆ. ಈ ಎರಡನೇ ಅರ್ಥ ಎಷ್ಟು ಗಟ್ಟಿಯಾಗಿದೆ ಅಂದ್ರೆ ಮೊದಲನೇದು ಕಿವಿಗೆ ಬೀಳೋದೇ ಇಲ್ಲ.

ಇಂಗ್ಲಿಷಿನ ಕರೆಂಟ್‌ಗೂ ಇದೇ ಹಣೆಬರಹ. ಲ್ಯಾಟಿನ್ನಿನ "ಕುರ್ರೆರೆ" ಅಂದ್ರೆ ಓಡು, ಇಟಲಿಯವರು ಇವತ್ತಿಗೂ ಈ ಖಾತೆಗೆ "ಕೊಂತೊ ಕೊರೆಂತೆ" ಅಂತಾರೆ, ಅಂದ್ರೆ ಓಡ್ತಾ ಇರೋ ಲೆಕ್ಕ. ಹೊಳೆಯ ಸೆಳೆತಕ್ಕೂ ಅದೇ ಪದ, ತಂತಿಯಲ್ಲಿ ಹರಿಯೋದಕ್ಕೂ ಅದೇ ಪದ, ಹಾಗಾಗಿ ಬೆಸ್ಕಾಂನ ಕರೆಂಟೂ ಬ್ಯಾಂಕಿನ ಕರೆಂಟೂ ಒಂದೇ ತಾಯಿ ಮಕ್ಕಳು. ನನ್ನ ಕೇಳಿದ್ರೆ ಇದಕ್ಕೆ ಸರಿಯಾದ ಹೆಸರು ಮಂಡಿಯವರ ಬಾಯಲ್ಲಿದೆ. ಹೋಲ್‌ಸೇಲಿನವನ ಜೊತೆ ದಿನಾ ಕೊಟ್ಟು ತಗೊಂಡು ಬರೆದಿಡೋ ಲೆಕ್ಕಕ್ಕೆ ಅವರು "ರನ್ನಿಂಗ್ ಅಕೌಂಟ್" ಅಂತಾರಲ್ಲ, ಅದೇ ಇದು. ದಿನಕ್ಕೆ ನೂರು ಸಲ ಬರೋ ಹೋಗೋ ದುಡ್ಡಿಗೆ ಅಂತ ಇರೋ ಖಾತೆ. ಇದರ ಜೋಡಿ ಸೇವಿಂಗ್ಸ್, ಉಳಿತಾಯ. ಒಂದು ಓಡೋದು, ಇನ್ನೊಂದು ಕೂರೋದು.

"ಚಾಲ್ತಿಯಲ್ಲಿರೋ ಖಾತೆ"ಯ ಎದುರುಪದ ಬೇರೆನೇ. ಎರಡು ವರ್ಷಕ್ಕೂ ಮೇಲೆ ನೀವಾಗಿ ಯಾವ ವ್ಯವಹಾರನೂ ಮಾಡಿಲ್ಲ ಅಂದ್ರೆ ಖಾತೆ ನಿಷ್ಕ್ರಿಯ, ಹತ್ತು ವರ್ಷ ಆದ್ರೆ ಅದರ ದುಡ್ಡು ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತೆ (ವಾಪಸ್ ಕೇಳಬಹುದು, ಗಾಬರಿ ಬೇಡ). ಸೇವಿಂಗ್ಸ್ ಖಾತೆ ಚಾಲ್ತಿಯಲ್ಲಿ ಇರಬಹುದು, ಚಾಲ್ತಿ ಖಾತೆ ನಿಷ್ಕ್ರಿಯ ಆಗಿಬಿಟ್ಟಿರಬಹುದು. ಇದನ್ನ ಬರೀವಾಗ ನಂಗೇ ನಗು ಬರ್ತಿದೆ, ಓದೋರ ಪಾಡು ಕೇಳೋದೇ ಬೇಡ. ಟಿವಿಯಲ್ಲಿ ಓಡೋ "ಚಾಲ್ತಿ ಖಾತೆ ಕೊರತೆ" ಇನ್ನೂ ಬೇರೆ ಕಥೆ, ಅದು ದೇಶದ ಆಮದು ರಫ್ತು, ಹೊರಗಿಂದ ಬರೋ ಹಣ ಇತ್ಯಾದಿ ಲೆಕ್ಕ, ನಿಮ್ಮ ಬ್ರಾಂಚ್ ಮ್ಯಾನೇಜರಿಗೂ ಅದಕ್ಕೂ ಸಂಬಂಧ ಇಲ್ಲ.

ಈಗ ದುಡ್ಡಿನ ವಿಷಯ. ಚಾಲ್ತಿ ಖಾತೆ, ಸೇವಿಂಗ್ಸ್ ಖಾತೆ, ಈ ಎರಡಕ್ಕೂ ಇರೋ ಕಾನೂನು ಬೇರೆ ಬೇರೆ, ಜನಕ್ಕೆ ಹೊಡೆತ ಬೀಳೋದು ಅಲ್ಲಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಚಾಲ್ತಿ ಖಾತೆಗೆ ಬಡ್ಡಿ ಕೊಡೋ ಹಾಗೇ ಇಲ್ಲ. ಒಂದೇ ವಿನಾಯಿತಿ ಕೇಳಿ: ಖಾತೆದಾರ ಒಬ್ಬನೇ ಮಾಲೀಕ ಆಗಿದ್ದು ತೀರಿಕೊಂಡ್ರೆ, ಸತ್ತ ದಿನದಿಂದ ವಾರಸುದಾರರಿಗೆ ಹಣ ಕೊಡೋವರೆಗೆ ಸೇವಿಂಗ್ಸ್ ದರದಲ್ಲಿ ಬಡ್ಡಿ ಸಿಗುತ್ತೆ. ಬದುಕಿರೋವಾಗ ಸೊನ್ನೆ. ವ್ಯಾಪಾರದ ಹೆಸರಲ್ಲಿ ಸೇವಿಂಗ್ಸ್ ಖಾತೆ ತೆರೆಯೋಣ ಅಂದ್ರೆ ಅದಕ್ಕೂ ಅವಕಾಶ ಇಲ್ಲ. ಅಂದ್ರೆ ಅಂಗಡಿಯವನ ದುಡ್ಡು ಬ್ಯಾಂಕಿಗೆ ಪುಕ್ಕಟೆ ಸಿಗೋ ಬಂಡವಾಳ, ಬ್ಯಾಂಕಿನವ್ರು ಕಾಸಾ ಕಾಸಾ ಅಂತ ಟಾರ್ಗೆಟ್ ಹಿಡ್ಕೊಂಡು ಓಡಾಡೋದು ಇದಕ್ಕೇ, ಕರೆಂಟ್ ಅಕೌಂಟು, ಸೇವಿಂಗ್ಸ್ ಅಕೌಂಟು, ಎರಡರ ಮೊದಲಕ್ಷರ ಸೇರಿ ಕಾಸಾ. ಖಾತೆ ಮಾಡಿಸೋವಾಗ ಅಂಗಡಿಗೇ ಬಂದು ಕೂತು ಟೀ ಕುಡಿದು ಫಾರಂ ಅವರೇ ತುಂಬ್ಕೊಳ್ತಾರೆ. ಚಾರ್ಜ್ ಬದಲಾದಾಗ ಒಂದು ಎಸ್ಸೆಮ್ಮೆಸ್ಸು, ಅದರೊಳಗೊಂದು ಲಿಂಕು.

ಆ ಲಿಂಕು ಒತ್ತಿದ್ರೆ ಸಿಗೋ ಪಿಡಿಎಫ್‌ನಲ್ಲಿ ಎರಡು ಪದ ಸರಿಯಾಗಿ ನೋಡಿ. ಮೊದಲನೇದು "ಮಿನಿಮಮ್". ಇದು ಮಿನಿಮಮ್ ಅಲ್ಲವೇ ಅಲ್ಲ, ಸರಾಸರಿ. ಪ್ರತಿ ದಿನ ವ್ಯವಹಾರ ಮುಗಿದಾಗ ಉಳಿದ ಮೊತ್ತ ಕೂಡಿಸಿ ತಿಂಗಳಿನ ಅಥವಾ ಮೂರು ತಿಂಗಳಿನ ದಿನಗಳಿಂದ ಭಾಗಿಸೋದು. ಸರಾಸರಿ 25,000 ಇಡಬೇಕು ಅಂತ ಇಟ್ಕೊಳ್ಳಿ. ಮೊದಲ 6 ದಿನ ಒಂದೊಂದು ಲಕ್ಷ ಇತ್ತು, ಆಮೇಲೆ ಸಪ್ಲೈಯರಿಗೆ ಕೊಟ್ಟು 24 ದಿನ ಬರೀ 5,000 ಇತ್ತು. ಆರು ಲಕ್ಷ, ಅದಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ಸೇರಿಸಿ 30ರಿಂದ ಭಾಗಿಸಿದ್ರೆ 24,000. ಸಾವಿರ ಕಮ್ಮಿ, ಬಿತ್ತು ದಂಡ. ಒಂದೇ ಒಂದು ರಾತ್ರಿ ಇನ್ನೊಂದು 30,000 ಅಲ್ಲಿ ಮಲಗಿದ್ರೆ ದಂಡ ಇರ್ತಿರಲಿಲ್ಲ. ಬೆಳಿಗ್ಗೆ ಕಟ್ಟಿ ಸಂಜೆ ಒಳಗೆ ತೆಗೆದ್ರೆ ಅದು ಲೆಕ್ಕಕ್ಕೇ ಬರಲ್ಲ, ದಿನದ ಕೊನೇಲಿ ಏನಿದೆ ಅನ್ನೋದಷ್ಟೇ ಲೆಕ್ಕ. "ನನ್ನ ಖಾತೇಲಿ ದಿನಾ ಲಕ್ಷಗಟ್ಟಲೆ ಓಡಾಡುತ್ತೆ, ನಂಗೆ ದಂಡನಾ" ಅಂತ ಕೂಗೋರಿಗೆ ಇದೇ ಉತ್ತರ. ಓಡಾಡಕ್ಕೆ ಅಂತಲೇ ಹೆಸರಿಟ್ಟ ಖಾತೆಯಲ್ಲಿ ದುಡ್ಡು ಕೂತಿಲ್ಲ ಅಂತ ದಂಡ ಹಾಕೋದು, ಅದೇ ಇದರ ತಮಾಷೆ.

ಎರಡನೇದು "ಫ್ರೀ". ತಿಂಗಳಿಗೆ ಇಷ್ಟು ಕ್ಯಾಶ್ ಡಿಪಾಸಿಟ್ ಫ್ರೀ ಅಂತ ಇರುತ್ತೆ, ಎಷ್ಟೋ ಕಡೆ ಅದು ನಿಗದಿ ಮೊತ್ತ ಅಲ್ಲ, ನೀವು ಇಟ್ಟ ಸರಾಸರಿಯ ಇಷ್ಟು ಪಟ್ಟು ಅಂತ. ಸರಾಸರಿ ಇಳೀತು ಅಂದ್ರೆ ಫ್ರೀನೂ ತಾನಾಗೇ ಇಳೀತು. ಕ್ಯಾಶ್ ಜಾಸ್ತಿ ಬರೋ ಕಿರಾಣಿ, ತರಕಾರಿ, ಪೆಟ್ರೋಲ್ ಬಂಕಿನವರಿಗೆ ಸರಾಸರಿ ದಂಡಕ್ಕಿಂತ ಇದರ ಏಟೇ ಜಾಸ್ತಿ, ಸಾವಿರಕ್ಕಿಷ್ಟು ಅಂತ ಕತ್ತರಿಸ್ತಾ ಹೋಗ್ತಾರೆ, ಚಿಲ್ಲರೆ ನೋಟು, ನಾಣ್ಯಕ್ಕೆ ಕೆಲವು ಕಡೆ ಬೇರೆ ಚಾರ್ಜ್. ಬ್ಯಾಂಕು "ಬೆನಿಫಿಟ್ ಪರಿಷ್ಕರಣೆ" ಅಂದಾಗ ಬಹಳ ಸಲ ಮುಟ್ಟೋದು ಈ ಪಟ್ಟನ್ನ, ಹತ್ತು ಪಟ್ಟು ಇದ್ದಿದ್ದು ಎಂಟು ಪಟ್ಟು, ಅಷ್ಟೇ ಬದಲಾವಣೆ, ನೋಡಕ್ಕೆ ಏನೂ ಅಲ್ಲ. ಪರಿಷ್ಕರಣೆ ಅನ್ನೋ ಪದದ ಮೇಲೂ ನಂಗೆ ಸಿಟ್ಟಿದೆ, ಪರಿಷ್ಕಾರ ಅಂದ್ರೆ ತಿದ್ದಿ ಚೆಂದ ಮಾಡೋದು, ಇವರು ಮಾಡೋದು ಕಡಿತ. ಕಡಿತ ಅಂತಲೇ ಬರೀರಿ.

2025ರ ಆಗಸ್ಟಲ್ಲಿ ಐಸಿಐಸಿಐ ಬ್ಯಾಂಕ್ ದೊಡ್ಡ ಊರುಗಳಲ್ಲಿ ಹೊಸದಾಗಿ ತೆರೆಯೋ ಸೇವಿಂಗ್ಸ್ ಖಾತೆಗೆ ಸರಾಸರಿ 10,000 ಇದ್ದಿದ್ದನ್ನ 50,000 ಮಾಡ್ತು, ಜನ ಉಗಿದ್ರು, ಕೆಲವೇ ದಿನದಲ್ಲಿ 15,000ಕ್ಕೆ ಇಳಿಸ್ತು. ಆಗ ಕೇಳಿದ್ದಕ್ಕೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಮೊತ್ತ ಎಷ್ಟಿರಬೇಕು ಅನ್ನೋದು ಆಯಾ ಬ್ಯಾಂಕಿಗೆ ಬಿಟ್ಟಿದ್ದು ಅಂತ ಹೇಳಿದ್ರು. ಅದು ಸೇವಿಂಗ್ಸ್ ಆಗಿದ್ದಕ್ಕೆ ಅಷ್ಟು ಸದ್ದಾಯ್ತು. ಸೇವಿಂಗ್ಸಿನವರಿಗೆ ಸ್ವಲ್ಪ ರಕ್ಷಣೆನೂ ಇದೆ, 2015ರ ಏಪ್ರಿಲ್‌ನಿಂದ ಇರೋ ನಿಯಮದಂತೆ ಬ್ಯಾಲೆನ್ಸ್ ಕಮ್ಮಿ ಆದ್ರೆ ಮೊದಲು ತಿಳಿಸ್ಬೇಕು, ಸರಿಮಾಡ್ಕೊಳ್ಳಕ್ಕೆ ಒಂದು ತಿಂಗಳು ಕೊಡಬೇಕು, ದಂಡ ಎಷ್ಟು ಕಮ್ಮಿ ಬಿದ್ದಿದೆಯೋ ಅದರ ಇಷ್ಟು ಪರ್ಸೆಂಟ್ ಅಂತ ಇರಬೇಕು, ಬರೀ ಆ ದಂಡದಿಂದ ಖಾತೆ ಮೈನಸ್‌ಗೆ ಇಳೀಬಾರದು. ಇದೆಲ್ಲ ಸೇವಿಂಗ್ಸಿಗೆ ಅಂತ ಬರೆದಿರೋದು. ಚಾಲ್ತಿ ಖಾತೆಯವರು ಇದನ್ನ ಪ್ರಿಂಟ್ ಹಾಕ್ಕೊಂಡು ಹೋಗಿ ಮ್ಯಾನೇಜರ್ ಟೇಬಲ್ ಮೇಲೆ ಕುಕ್ಕಿದ್ರೆ ಅವರು ಚಾಲ್ತಿ ಖಾತೆಯ ಶೆಡ್ಯೂಲ್ (ಚಾರ್ಜುಗಳ ಪಟ್ಟಿ) ತೆಗೆದು ತೋರಿಸ್ತಾರೆ. ಸಾವಿರ ಕಮ್ಮಿ ಇದ್ರೂ ಇಪ್ಪತ್ತು ಸಾವಿರ ಕಮ್ಮಿ ಇದ್ರೂ ಒಂದೇ ದಂಡ ಅಂತ ಅದರಲ್ಲಿ ಇರಬಹುದು.

ಇನ್ನೊಂದು ಗೊಂದಲ ಲಂಡನ್ ಕಡೆಯಿಂದ ಬರುತ್ತೆ. ಬ್ರಿಟನ್ನಿನಲ್ಲಿ ಕರೆಂಟ್ ಅಕೌಂಟ್ ಅಂದ್ರೆ ಎಲ್ಲರೂ ಸಂಬಳ ಹಾಕಿಸಿಕೊಳ್ಳೋ ಮಾಮೂಲಿ ಖಾತೆ, ಅಂಗಡಿಯವರ ಖಾತೆ ಅಲ್ಲ. ಅಲ್ಲಿ ಕೆಲವು ಬ್ಯಾಂಕು ಅದಕ್ಕೆ ಬಡ್ಡಿನೂ ಕೊಡ್ತವೆ, ಕ್ಯಾಶ್‌ಬ್ಯಾಕೂ ಕೊಡ್ತವೆ, ಆಮೇಲೆ ಕಿತ್ತುಕೊಳ್ತವೆ. ಸ್ಯಾಂಟಂಡರ್‌ನವರ 123 ಖಾತೆ ಪ್ರಸಿದ್ಧ, 2016ರ ಜನವರಿಯಲ್ಲಿ ತಿಂಗಳ ಫೀ 2 ಪೌಂಡ್ ಇದ್ದಿದ್ದು 5 ಪೌಂಡ್ ಆಯ್ತು, ಅದೇ ವರ್ಷ ನವೆಂಬರಲ್ಲಿ ಬಡ್ಡಿ 3 ಪರ್ಸೆಂಟಿಂದ 1.5ಕ್ಕೆ ಇಳೀತು, ಗಿರಾಕಿಗಳು ಗರಂ ಆದ್ರು. ಆದ್ರೆ ಅಲ್ಲಿ ಇಂಥ ಬದಲಾವಣೆಗೆ ಎರಡು ತಿಂಗಳ ನೋಟಿಸ್ ಕೊಡಬೇಕು, ಇಷ್ಟ ಇಲ್ಲ ಅಂದ್ರೆ 2013ರಿಂದ ಇರೋ ಸ್ವಿಚ್ ವ್ಯವಸ್ಥೆಯಲ್ಲಿ 7 ಕೆಲಸದ ದಿನದೊಳಗೆ ಸಂಬಳ, ಆಟೋ ಡೆಬಿಟ್ ಸಮೇತ ಇಡೀ ಖಾತೆ ಬೇರೆ ಬ್ಯಾಂಕಿಗೆ ಹೋಗುತ್ತೆ. ನಮ್ಮಲ್ಲಿ ಬ್ಯಾಂಕ್ ಬದಲಾಯಿಸ್ತೀನಿ ಅಂದ್ರೆ ಕ್ಯೂಆರ್, ಸೌಂಡ್‌ಬಾಕ್ಸು, ಜಿಎಸ್‌ಟಿ ನೋಂದಣಿಯಲ್ಲಿ ಕೊಟ್ಟಿರೋ ಖಾತೆ ನಂಬರು, ಬಿಲ್‌ಬುಕ್ಕಿನ ಕೆಳಗೆ ಪ್ರಿಂಟಾಗಿರೋ ಐಎಫ್ಎಸ್‌ಸಿ, ಒಂದೊಂದನ್ನೂ ನಾವೇ ಬದಲಾಯಿಸ್ಕೊಂಡು ಕೂರಬೇಕು. ಬ್ಯಾಂಕುಗಳಿಗೂ ಅದು ಚೆನ್ನಾಗಿ ಗೊತ್ತು. ಅದಕ್ಕೇ ಅಲ್ಲಿಂದ ಮಗ ಫೋನಲ್ಲಿ "ಕರೆಂಟ್ ಅಕೌಂಟಿಗೆ ಬಡ್ಡಿ ಬರುತ್ತಲ್ಲಪ್ಪಾ" ಅಂದಿದ್ದನ್ನ ಹಿಡ್ಕೊಂಡು ದಾವಣಗೆರೆ ಬ್ರಾಂಚಲ್ಲಿ ಜಗಳಕ್ಕೆ ನಿಲ್ಲಬೇಡಿ.

ಜಗಳ ಆಡಲೇಬೇಕು ಅಂದ್ರೆ ಸರಿಯಾದ ಜಾಗದಲ್ಲಿ ಆಡಿ. ಬ್ಯಾಂಕುಗಳ ಮೇಲಿನ ದೂರು ಕೇಳೋಕೆ ಅಂತ ಇರೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಯೋಜನೆಯಲ್ಲಿ ಬ್ಯಾಂಕಿನ "ವಾಣಿಜ್ಯ ನಿರ್ಧಾರ"ದ ಬಗ್ಗೆ ದೂರು ತಗೊಳಲ್ಲ ಅಂತ ಸ್ಪಷ್ಟವಾಗಿದೆ, ಹಾಗಾಗಿ "ಚಾರ್ಜ್ ಜಾಸ್ತಿ ಆಯ್ತು" ಅಂತ ಬರೆದ್ರೆ ಅದು ಅಲ್ಲಿಗೇ ಮುಗೀತು. "ನಂಗೆ ಮುಂಚೆ ತಿಳಿಸಿಲ್ಲ", "ಹೇಳಿದ ತಾರೀಖಿಗಿಂತ ಮೊದಲೇ ಕತ್ತರಿಸಿದ್ದಾರೆ", "ಪಿಡಿಎಫ್‌ನಲ್ಲಿ ಇರೋ ದರಾನೇ ಬೇರೆ, ಹಾಕಿರೋದೇ ಬೇರೆ", ಇಂಥವು ಸೇವಾಲೋಪ, ಅವು ನಿಲ್ಲುತ್ವೆ. ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು ದೂರಿನ ನಂಬರ್ ಇಸ್ಕೊಳ್ಳಿ, 30 ದಿನ ಉತ್ತರ ಬರಲಿಲ್ಲ ಅಥವಾ ಬಂದ ಉತ್ತರ ಒಪ್ಪಿಗೆ ಆಗಲಿಲ್ಲ ಅಂದ್ರೆ ಒಂಬುಡ್ಸ್‌ಮನ್, ಮಾಹಿತಿ ಬೇಕಿದ್ರೆ 14448ಕ್ಕೆ ಫೋನ್ ಮಾಡಬಹುದು. ಖಾತೆ ತೆರೆದ ದಿನದ ಚಾರ್ಜ್ ಶೆಡ್ಯೂಲು, ಬದಲಾವಣೆಯ ಎಸ್ಸೆಮ್ಮೆಸ್ಸಿನ ಸ್ಕ್ರೀನ್‌ಶಾಟು, ದಂಡ ಬಿದ್ದ ತಿಂಗಳ ಸ್ಟೇಟ್‌ಮೆಂಟು ಮೂರೂ ಲಗತ್ತಿಸಿ. ದೂರಿನಲ್ಲಿ ಖಾತೆ ಯಾವ ಬಗೆ ಅಂತ ಕೇಳಿರೋ ಕಡೆ ದಯವಿಟ್ಟು ಕರೆಂಟ್ ಅಂತಲೇ ಗುರುತು ಹಾಕಿ.