ಎಕ್ಸ್‌ಟೆನ್ಷನ್ ಬಿಡಿಸುವಾಗ ಸ್ವಂತ ಕೂದಲನ್ನು ಕಾಪಾಡುವುದು: ಅಧ್ಯಯನ ಟಿಪ್ಪಣಿ

ಹೇರ್ ಎಕ್ಸ್‌ಟೆನ್ಷನ್ (ಸ್ವಂತ ಕೂದಲಿಗೆ ಜೋಡಿಸುವ ಹೆಚ್ಚುವರಿ ಕೂದಲು) ಕಲಿಯುವವರು ಹಾಕುವ ಪಾಠವನ್ನು ಹತ್ತು ಸಲ ಓದುತ್ತಾರೆ, ಬಿಡಿಸುವ ಪಾಠದ ಮೇಲೆ ಒಮ್ಮೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ವಾರಗಟ್ಟಲೆ ಜೋಪಾನವಾಗಿದ್ದ ಕೂದಲು ಬಿಡಿಸುವ ಒಂದು ಗಂಟೆಯಲ್ಲಿ ತುಂಡಾಗಬಹುದು. ಹಾಗಾಗಿ ಈ ಪಾಠವನ್ನು ತಲೆಯಲ್ಲಿ ಗಟ್ಟಿಯಾಗಿ ಕೂರಿಸಿಕೊಳ್ಳಲೆಂದು ಬರೆದಿಟ್ಟುಕೊಳ್ಳುತ್ತಿದ್ದೇನೆ. ಕ್ಲಿಪ್ ಬಗೆಯದನ್ನು ದಿನವೂ ತೆಗೆದಿಡುವುದೇ ಆದ್ದರಿಂದ ಇಲ್ಲಿ ಸೇರಿಸಿಲ್ಲ.

ಎಲ್ಲ ಬಗೆಗಳಿಗೂ ಒಂದೇ ಸೂತ್ರ: ಮೊದಲು ಜೋಡಣೆ (ಹೆಚ್ಚುವರಿ ಕೂದಲನ್ನು ಹಿಡಿದಿಟ್ಟಿರುವ ಟೇಪ್, ಬಾಂಡ್, ದಾರ ಅಥವಾ ಉಂಗುರ) ಸೋಲಬೇಕು, ಆಮೇಲೆ ಕೈ ಅಲುಗಬೇಕು. ಎಳೆದರೆ ಸಡಿಲವಾದೀತೇನೋ ಎಂದು ನೋಡುವ ಅಭ್ಯಾಸವೇ ಬೇಡ. ಇದಕ್ಕೆ ನೆರವಾಗುವ, ನಾನು ಯಾವತ್ತೂ ಬಿಡದ ಒಂದು ಉಪಾಯವಿದೆ. ಜೋಡಣೆಗೂ ನೆತ್ತಿಗೂ ನಡುವೆ ಇರುವ ಸ್ವಂತ ಕೂದಲನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಡಿದುಕೊಳ್ಳಬೇಕು, ಕೆಲಸವೆಲ್ಲ ಬಲಗೈಯದು. ಬಲಗೈ ಅಕಸ್ಮಾತ್ ಜಗ್ಗಿದರೂ ಆ ಸೆಳೆತ ಬೆರಳುಗಳಲ್ಲೇ ನಿಲ್ಲುತ್ತದೆ, ಕೂದಲ ಬುಡದವರೆಗೆ ಹೋಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಬಿಡಿಸುವ ಹೊತ್ತಿಗೆ ಬೆರಳಿಗೆ ಸಿಗುವಷ್ಟು ಜಾಗ ಅಲ್ಲಿ ಆಗಿರುತ್ತದೆ.

ಯಾವುದಕ್ಕೆ ಯಾವ ದ್ರಾವಣ

ಟೇಪ್ ಬಗೆಯಲ್ಲಿ ಎರಡು ಟೇಪ್‌ಗಳ ನಡುವೆ ಸ್ವಂತ ಕೂದಲು ಸಿಕ್ಕಿಕೊಂಡಿರುತ್ತದೆ. ಅದರ ಅಂಟಿಗೆ ಎಣ್ಣೆ ಅಥವಾ ಆಲ್ಕೋಹಾಲ್ ಆಧಾರಿತ ರಿಮೂವರ್ ಆಗುತ್ತದೆ. ಟೇಪ್‌ನ ಮೇಲ್ಮೈಗೆ ಸುರಿದರೆ ಪ್ರಯೋಜನವಿಲ್ಲ. ಮೇಲಂಚಿನಿಂದ ಎರಡು ಪದರಗಳ ನಡುವೆ ಇಳಿಯುವಂತೆ ಹಾಕಿ, ಕೆಲವು ನಿಮಿಷ ಬಿಟ್ಟು, ಮೂಲೆಯನ್ನು ಉಗುರಿನಿಂದ ಎತ್ತಿ ನೋಡಿ. ಮೂಲೆ ಏಳದಿದ್ದರೆ ಇನ್ನಷ್ಟು ಹಾಕಿ, ಮತ್ತೆ ಕಾಯಿರಿ.

ಕೆರಾಟಿನ್ ಬಾಂಡ್‌ಗೆ (ಎಳೆಯನ್ನು ಸ್ವಂತ ಕೂದಲಿಗೆ ಅಂಟಿಸಿರುವ ಗಟ್ಟಿ ಅಂಟಿಗೆ) ಎಣ್ಣೆ ನಾಟುವುದಿಲ್ಲ. ಆಲ್ಕೋಹಾಲ್ ಆಧಾರಿತ ರಿಮೂವರ್‌ನಿಂದ ಬಾಂಡ್ ತೋಯಿಸಿ, ಇಕ್ಕಳದಿಂದ ಮೇಲಿಂದ ಕೆಳಗಿನವರೆಗೆ ಹಂತಹಂತವಾಗಿ ಒತ್ತಿದರೆ ಅದು ಬಿರುಕುಬಿಟ್ಟು ಪುಡಿಯಾಗತೊಡಗುತ್ತದೆ. ಪುಡಿ ಕಾಣಿಸಿದ ಮೇಲೆಯೇ ಎಳೆಯನ್ನು ಕೆಳಕ್ಕೆ ಜಾರಿಸಬೇಕು. ಅಸಿಟೋನ್ ಕೂಡ ಬಾಂಡ್ ಒಡೆಯುತ್ತದೆ, ಆದರೆ ಕೂದಲಿನ ಮತ್ತು ಚರ್ಮದ ಎಣ್ಣೆಯಂಶವನ್ನೂ ಹೀರಿಬಿಡುತ್ತದೆ, ಸಾಧ್ಯವಾದಷ್ಟು ದೂರವಿಡಿ. ಆಲ್ಕೋಹಾಲ್, ಅಸಿಟೋನ್ ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ, ಹೇರ್ ಡ್ರೈಯರ್ ಯಾವುದೂ ಬೇಡ. ಹಿಂದಿನ ದಿನವೇ ಒಳಮೊಣಕೈಗೆ ಒಂದು ಹನಿ ಹಚ್ಚಿ ತುರಿಕೆ, ಕೆಂಪು ಬರುತ್ತದೆಯೇ ಎಂದು ನೋಡಿಕೊಳ್ಳಿ.

ಹೊಲಿದ ಬಗೆಯಲ್ಲಿ ದ್ರಾವಣವೇ ಬೇಕಿಲ್ಲ, ದಾರ ಕತ್ತರಿಸಿದರೆ ಸಾಕು. ಎಕ್ಸ್‌ಟೆನ್ಷನ್ ಪಟ್ಟಿಯನ್ನು ನೆತ್ತಿಯಿಂದ ಮೇಲೆತ್ತಿ, ಪಟ್ಟಿಯ ಮೇಲೆ ಹಾದುಹೋದ ದಾರವನ್ನು ಮಾತ್ರ ಕತ್ತರಿಸಬೇಕು. ಕೆಳಗೆ ಸ್ವಂತ ಕೂದಲಿನಿಂದ ಹೆಣೆದಿರುವ ಜಡೆಯ ಕಡೆಗೆ ಕತ್ತರಿಯ ಮೊನೆ ತಿರುಗಬಾರದು. ದಾರವೂ ಕೂದಲಿನ ಬಣ್ಣದ್ದೇ ಆಗಿರುವುದರಿಂದ ಒಳ್ಳೆಯ ಬೆಳಕು ಬೇಕು. ದಾರವೋ ಕೂದಲೋ ಎಂಬ ಅನುಮಾನ ಬಂದ ಕಡೆ ಕತ್ತರಿ ಕೆಳಗಿಟ್ಟು ಬೆರಳಿನಿಂದ ಬಿಡಿಸಿ.

ಉಂಗುರವನ್ನು ಯಾವ ದಿಕ್ಕಿಗೆ ಒತ್ತಬೇಕು?

ಮೈಕ್ರೋ ರಿಂಗ್, ಅಂದರೆ ಎಳೆಯನ್ನು ಸ್ವಂತ ಕೂದಲಿಗೆ ಬಿಗಿಯುವ ಸಣ್ಣ ಲೋಹದ ಉಂಗುರದ ಬಗ್ಗೆ ಓದಿದಲ್ಲೆಲ್ಲ ‘ಇಕ್ಕಳದಿಂದ ಒತ್ತಿ ತೆರೆಯಿರಿ’ ಎಂದೇ ಇತ್ತು. ಹಾಕುವಾಗಲೂ ಒತ್ತುತ್ತೇವೆ, ತೆಗೆಯುವಾಗಲೂ ಒತ್ತುತ್ತೇವೆ ಎಂದರೆ ಹೇಗೆ ಎಂಬುದೇ ನನಗೆ ಬಗೆಹರಿಯದ ಗೊಂದಲವಾಗಿತ್ತು. ಉಂಗುರವನ್ನು ಅದರ ತುದಿಯ ಕಡೆಯಿಂದ, ಕೊಳವೆಯ ಬಾಯಿ ನೋಡುವಂತೆ, ನೋಡಿದಾಗ ಅರ್ಥವಾಯಿತು.

ಹಾಕುವ ಮೊದಲು ಆ ಬಾಯಿ ದುಂಡಗಿರುತ್ತದೆ. ಇಕ್ಕಳ ಒತ್ತಿದ ಮೇಲೆ ಚಪ್ಪಟೆಯಾಗುತ್ತದೆ: ಎರಡು ಅಗಲವಾದ ಮುಖಗಳು, ಎರಡು ಕಿರಿದಾದ ಅಂಚುಗಳು. ಕೂದಲನ್ನು ಹಿಡಿದಿರುವುದು ಅಗಲವಾದ ಮುಖಗಳ ನಡುವಿನ ಇಕ್ಕಟ್ಟು. ತೆಗೆಯುವಾಗ ಉಂಗುರವನ್ನು ಕಾಲು ಸುತ್ತು ತಿರುಗಿಸಿದಂತೆ ಎಣಿಸಿ, ಇಕ್ಕಳದ ದವಡೆಗಳನ್ನು ಕಿರಿದಾದ ಅಂಚುಗಳ ಮೇಲೆ ಇಡಬೇಕು. ಅಲ್ಲಿ ಒತ್ತಿದರೆ ಅಂಚುಗಳು ಹತ್ತಿರ ಬರುತ್ತವೆ, ಮುಖಗಳು ದೂರ ಸರಿಯುತ್ತವೆ, ಬಾಯಿ ಮತ್ತೆ ದುಂಡಗಾಗುತ್ತದೆ. ಅಗಲವಾದ ಮುಖದ ಮೇಲೆಯೇ ಮತ್ತೆ ಒತ್ತಿದರೆ ಇಕ್ಕಟ್ಟು ಹೆಚ್ಚಿ ಲೋಹದ ಅಂಚು ಕೂದಲನ್ನೇ ಕಡಿಯುತ್ತದೆ.

ಅಂಚಿನ ಮೇಲೂ ಅತಿಯಾಗಿ ಒತ್ತಬಾರದು. ದುಂಡಗಾದ ಮೇಲೂ ಒತ್ತುತ್ತಲೇ ಹೋದರೆ ಉಂಗುರ ಇನ್ನೊಂದು ದಿಕ್ಕಿಗೆ ಚಪ್ಪಟೆಯಾಗಿ ಮತ್ತೆ ಬಿಗಿಯುತ್ತದೆ. ಸ್ವಲ್ಪ ಒತ್ತಿ, ನಿಲ್ಲಿಸಿ, ಉಂಗುರವನ್ನು ಬೆರಳಿನಿಂದ ಹೊರಳಿಸಿ ನೋಡಿ. ಅದು ಸಲೀಸಾಗಿ ಹೊರಳಿದರೆ ಬಾಯಿ ತೆರೆದಿದೆ ಎಂದರ್ಥ. ಮೊದಲು ಎಕ್ಸ್‌ಟೆನ್ಷನ್ ಎಳೆಯನ್ನು ಹೊರತೆಗೆದು, ಆಮೇಲೆ ಖಾಲಿ ಉಂಗುರವನ್ನು ಸ್ವಂತ ಕೂದಲಿನ ಉದ್ದಕ್ಕೂ ಕೆಳಕ್ಕೆ ಜಾರಿಸಿ. ಈ ಹೊತ್ತಿನಲ್ಲಿ ಎಡಗೈ ಬೆರಳುಗಳು ಬುಡದ ಹತ್ತಿರ ಇದ್ದೇ ಇರಬೇಕು.

ಕೈಗೆ ಬಂದ ಕೂದಲು: ಉದುರಿದ್ದೋ, ತುಂಡಾದದ್ದೋ?

ಎಕ್ಸ್‌ಟೆನ್ಷನ್ ತೆಗೆದಾಗ ಒಂದೊಂದು ಜೋಡಣೆಯ ಜೊತೆಗೂ ಒಂದು ಸಣ್ಣ ಗೊಂಚಲು ಕೂದಲು ಕೈಗೆ ಬರುತ್ತದೆ. ಹಾಕಿಸಿಕೊಂಡವರು ಹೆದರುವುದು ಸಹಜ. ಆ ಹೆದರಿಕೆಯಲ್ಲಿ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದೂ, ಬೇಗ ಮುಗಿಸೋಣವೆಂದು ಎಳೆದಾಡುವುದೂ ಎರಡೂ ತಪ್ಪು. ಇಲ್ಲಿ ಲೆಕ್ಕ ಬೇಕು.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಅವುಗಳಲ್ಲಿ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಯ ಹಂತದಲ್ಲಿರುತ್ತದೆ. ಆ ಹಂತ ಸುಮಾರು ಮೂರು ತಿಂಗಳಿನದು. ಹಾಗಾಗಿಯೇ ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಸಾಮಾನ್ಯವಾಗಿ ಅವು ಬಾಚಣಿಗೆಗೆ, ದಿಂಬಿಗೆ, ಸ್ನಾನದ ನೀರಿಗೆ ಹೋಗುತ್ತವೆ. ಜೋಡಣೆಯೊಳಗೆ ಸಿಕ್ಕಿಕೊಂಡವು ಎಲ್ಲಿಗೆ ಹೋಗಬೇಕು? ಬುಡದಿಂದ ಕಳಚಿಕೊಂಡರೂ ಟೇಪ್‌ನಲ್ಲೋ ಉಂಗುರದಲ್ಲೋ ನೇತಾಡುತ್ತಲೇ ಇರುತ್ತವೆ. ಎಂಟು ವಾರ, ಅಂದರೆ 56 ದಿನ ಹಾಕಿಕೊಂಡಿದ್ದರೆ ಒಟ್ಟು 2,800ರಿಂದ 5,600 ಕೂದಲು ಉದುರಿರುತ್ತವೆ. ತಲೆಯ ಅರ್ಧದಷ್ಟು ಕೂದಲು ಜೋಡಣೆಗಳೊಳಗೆ ಇತ್ತೆಂದುಕೊಂಡರೂ, ಕನಿಷ್ಠ 1,400 ಕೂದಲು ಒಂದೇ ದಿನ ಹೊರಬರಬೇಕು. ಇವು ಈಗ ಉದುರಿದವಲ್ಲ, ಎಂದೋ ಉದುರಿದ್ದವು.

ಲೆಕ್ಕ ನೆಮ್ಮದಿ ಕೊಡುತ್ತದೆ, ಆದರೆ ಪುರಾವೆ ಕೂದಲಿನ ತುದಿಯಲ್ಲಿದೆ. ಗೊಂಚಲಿನಿಂದ ಕೆಲವು ಎಳೆ ತೆಗೆದು ಕೂದಲಿನ ಬಣ್ಣ ಎದ್ದು ಕಾಣುವ ಕಾಗದದ ಮೇಲೆ ಹರಡಿ, ಬುಡದ ತುದಿಯನ್ನು ನೋಡಿ. ಸಾಸಿವೆಗಿಂತಲೂ ಎಷ್ಟೋ ಸಣ್ಣದಾದ, ಒಣಗಿದ ಬಿಳಿ ಗಂಟು ಕಂಡರೆ ಅದು ಕಾಲ ಮುಗಿದು ತಾನಾಗಿ ಉದುರಿದ ಕೂದಲು. ಗಂಟೇ ಇಲ್ಲದೆ ಎರಡೂ ತುದಿ ಮೊಂಡಾಗಿದ್ದರೆ, ಉದ್ದವೂ ಒಂದೊಂದು ಒಂದೊಂದು ಥರ ಇದ್ದರೆ, ಅದು ನಡುವೆ ತುಂಡಾದದ್ದು. ಮೂರನೆಯದು ಗಮನ ತಪ್ಪಿಸಿಕೊಳ್ಳುತ್ತದೆ: ಬುಡ ಕಪ್ಪಾಗಿ, ಮೆತ್ತಗೆ, ಕೆಲವೊಮ್ಮೆ ಬಾಗಿ, ಸುತ್ತ ಪಾರದರ್ಶಕವಾದ ಲೋಳೆಯಂತಹ ಕವಚ ಇರುವುದು. ಅದು ಬೆಳೆಯುತ್ತಿದ್ದ ಕೂದಲು, ಎಳೆತಕ್ಕೆ ಕಿತ್ತುಬಂದಿದೆ. ಇಂಥವು ಒಂದರ ಹಿಂದೊಂದು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ. ಜೋಡಣೆ ಇನ್ನೂ ಸಡಿಲವಾಗಿಲ್ಲ.

ನೀರಿಗಿಂತ ಮೊದಲು ಬಾಚಣಿಗೆ

ಉದುರಿಯೂ ಹೊರಬರದ ಈ ಕೂದಲಿನಿಂದಲೇ ಮುಂದಿನ ಅಪಾಯ. ಜೋಡಣೆ ಇದ್ದ ಜಾಗದಲ್ಲಿ ಜಿಡ್ಡು, ದೂಳು, ಬಿಡಿ ಕೂದಲು ಸೇರಿ ಬೂದು ಬಣ್ಣದ ಒಂದು ಸಣ್ಣ ಉಂಡೆ ಕಟ್ಟಿರುತ್ತದೆ. ಎಲ್ಲ ತೆಗೆದ ತಕ್ಷಣ ತಲೆಗೆ ನೀರು ಹಾಕಬೇಕೆನಿಸುತ್ತದೆ. ಹಾಕಬೇಡಿ. ಕೂದಲಿನ ಮೇಲ್ಪದರ ಬುಡದಿಂದ ತುದಿಯ ಕಡೆಗೆ ಮುಖಮಾಡಿದ ಸಣ್ಣ ಹುರುಪೆಗಳದ್ದು. ಬುಡ ಕಳಚಿದ ಕೂದಲು ಒದ್ದೆಯಾಗಿ ಉಜ್ಜಿಕೊಂಡಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಉಂಡೆ ಕಂಬಳಿಯಂತೆ ಗಟ್ಟಿಯಾಗುತ್ತದೆ. ಜೊತೆಗೆ, ನೀರು ಕೂದಲಿನೊಳಗಿನ ಹೈಡ್ರೋಜನ್ ಬಂಧಗಳನ್ನು ಬಿಡಿಸುವುದರಿಂದ ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ಹರಿಯುತ್ತದೆ.

ಒಣ ಕೂದಲಿನಲ್ಲೇ ಉಂಡೆಗೆ ಎರಡು ಹನಿ ಎಣ್ಣೆಯನ್ನೋ ಸ್ವಲ್ಪ ಕಂಡಿಷನರ್ ಅನ್ನೋ ಹಚ್ಚಿ, ಬೆರಳಿನಿಂದ ಅಡ್ಡಕ್ಕೆ ಬಿಡಿಸಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಶುರುಮಾಡಿ ಬುಡದ ಕಡೆಗೆ ಏರಿಸುತ್ತ ಬನ್ನಿ. ಬಾಚಣಿಗೆ ಎಲ್ಲೂ ತಡೆಯದೆ ಇಳಿದ ಮೇಲೆ ತಲೆ ತೊಳೆಯಿರಿ. ಅಂಟು ಮತ್ತು ರಿಮೂವರ್ ಹೋಗಲು ಕ್ಲಾರಿಫೈಯಿಂಗ್ ಶಾಂಪೂ, ನಂತರ ಕಂಡಿಷನರ್.

ಅದೇ ವಾರದಲ್ಲಿ ಬ್ಲೀಚ್, ರಾಸಾಯನಿಕ ಸ್ಟ್ರೈಟ್ನಿಂಗ್, ಬಿಗಿಯಾದ ಜಡೆ ಬೇಡ. ಹೊಸ ಸೆಟ್ ಹಾಕುವ ಮೊದಲು ಕಿವಿಯ ಮೇಲಿನ ಭಾಗ, ಹಣೆಯ ಅಂಚು, ಕತ್ತಿನ ಮೇಲ್ಭಾಗಗಳನ್ನು ಬೆಳಕಿನಲ್ಲಿ ನೋಡಿ. ಬಹುಕಾಲದ ಸೆಳೆತದಿಂದ ಬರುವ ಕೂದಲುದುರುವಿಕೆಗೆ ಟ್ರ್ಯಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಆರಂಭದಲ್ಲೇ ಸೆಳೆತ ನಿಲ್ಲಿಸಿದರೆ ಕೂದಲು ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡದಲ್ಲಿ ಕಲೆಗಟ್ಟಿ ಮತ್ತೆ ಬೆಳೆಯದೆಯೂ ಹೋಗಬಹುದು. ಈ ಜಾಗಗಳಲ್ಲಿ ನೋವು, ಸಣ್ಣ ಗುಳ್ಳೆಗಳು, ತೆಳುವಾದ ಅಂಚು ಕಂಡರೆ ಹೊಸ ಸೆಟ್ ಮುಂದೂಡಿ, ಮೊದಲು ಚರ್ಮರೋಗ ತಜ್ಞರಿಗೆ ತೋರಿಸಿ.