ಕಡಲ ಹದ್ದು ನಲವತ್ತನೆಯ ವಯಸ್ಸಿನಲ್ಲಿ ಕೊಕ್ಕು ಒಡೆದುಕೊಳ್ಳುತ್ತದೆಯೇ?

ಪ್ರಶ್ನೆ: ಗೋವಾದ ವಾಸ್ಕೋ ಬಂದರಿನ ಕಡೆ ಹಾರಾಡುವ ಬಿಳಿ ಹೊಟ್ಟೆಯ ಕಡಲ ಹದ್ದು ಎಪ್ಪತ್ತು ವರ್ಷ ಬದುಕುತ್ತದೆ, ನಲವತ್ತಾದಾಗ ಬೆಟ್ಟದ ಮೇಲೆ ಕುಳಿತು ಕೊಕ್ಕನ್ನು ಬಂಡೆಗೆ ಕುಟ್ಟಿ ಒಡೆದುಕೊಂಡು, ಉಗುರು ಮತ್ತು ಗರಿಗಳನ್ನು ಕಿತ್ತುಹಾಕಿ, ಐದು ತಿಂಗಳಲ್ಲಿ ಮರುಹುಟ್ಟು ಪಡೆಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಇಲ್ಲಿನ ಕನ್ನಡ ಸಂಘಗಳಲ್ಲಿ ಹಕ್ಕಿಗಳ ವಿಷಯ ಮಾತನಾಡಲು ನಿಂತಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ, ನಾನು ಅಲ್ಲವೆಂದು ಹೇಳಿಯೇ ಹೇಳುತ್ತೇನೆ. ಆದರೂ ವಾರ ಕಳೆಯುವುದರೊಳಗೆ ಅದೇ ಸಂದೇಶ ಅದೇ ಚಿತ್ರದೊಂದಿಗೆ ನನ್ನ ವಾಟ್ಸಾಪ್‌ಗೆ ಮರಳಿ ಬರುತ್ತದೆ. ಈಚೆಗೆ ಶಾಲೆಯ ವಾರ್ಷಿಕೋತ್ಸವಗಳ ಭಾಷಣದಲ್ಲೂ ಇದು ಸೇರಿಕೊಂಡಿದೆ. ಮಕ್ಕಳ ಮುಂದೆ ಹೇಳುವ ಮಾತಾದ್ದರಿಂದ ಈ ಸಲ ಒಂದೊಂದನ್ನೇ ಬಿಡಿಸಿ ಹೇಳುವುದು ಮೇಲು.

ಮೊದಲು ಕೊಕ್ಕು. ಹದ್ದಿನ ಕೊಕ್ಕಿನ ಒಳಗಿರುವುದು ದವಡೆಯ ಮೂಳೆ. ಅದರ ಮೇಲಿನ ಕವಚ ನಮ್ಮ ಉಗುರಿನಂತೆಯೇ ಕೆರಾಟಿನ್‌ನಿಂದ ಆದದ್ದು. ಈ ಕವಚ ಹಕ್ಕಿಯ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಬಳಕೆಯಿಂದ ಸವೆಯುತ್ತಲೂ ಇರುತ್ತದೆ. ಮೀನು ತಿಂದು ಮುಗಿಸಿದ ಹದ್ದು ಕುಳಿತ ಕೊಂಬೆಗೇ ಕೊಕ್ಕಿನ ಒಂದು ಮಗ್ಗುಲನ್ನು ತಿಕ್ಕಿ, ತಲೆ ಹೊರಳಿಸಿ ಇನ್ನೊಂದು ಮಗ್ಗುಲನ್ನೂ ತಿಕ್ಕುವುದನ್ನು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಕೊಕ್ಕು ಶುಚಿಯಾಗುವುದೂ ಹದದಲ್ಲಿ ಉಳಿಯುವುದೂ ಹೀಗೆ. ಪಂಜರದಲ್ಲಿ ಸಾಕಿದ ಹಕ್ಕಿಗಳಿಗೆ ಈ ಸವೆತ ಸಾಲದೆ ಕೊಕ್ಕು ಅತಿಯಾಗಿ ಬೆಳೆದಾಗ ಪಾಲಕರೇ ಅದನ್ನು ಅರದಿಂದ ಉಜ್ಜಿ ಸರಿಪಡಿಸಬೇಕಾಗುತ್ತದೆ. ಬುಡಸಮೇತ ಮುರಿದುಹೋದ ಕೊಕ್ಕು ಮಾತ್ರ ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ಒಳಗಿನ ಮೂಳೆಯೇ ಹೋಗಿರುತ್ತದೆ. ಅಲಾಸ್ಕಾದಲ್ಲಿ 2005ರಲ್ಲಿ ಗುಂಡೇಟಿನಿಂದ ಮೇಲ್ಗೊಕ್ಕು ಕಳೆದುಕೊಂಡ ‘ಬ್ಯೂಟಿ’ ಎಂಬ ಬೋಳುತಲೆ ಹದ್ದು ನಮ್ಮ ಕಡಲ ಹದ್ದಿನ ಹತ್ತಿರದ ಸಂಬಂಧಿ. ತಾನಾಗಿ ಉಣ್ಣಲೂ ಕುಡಿಯಲೂ ಆಗದೆ ಮನುಷ್ಯರ ಕೈತುತ್ತಿನಿಂದ ಬದುಕಿದ ಅದಕ್ಕೆ 2008ರಲ್ಲಿ ಕೃತಕ ಕೊಕ್ಕನ್ನು ಜೋಡಿಸಬೇಕಾಯಿತು. ಬಂಡೆಗೆ ಕುಟ್ಟಿಕೊಂಡ ಕೊಕ್ಕು ತಾನೇ ಚಿಗುರುವಂತಿದ್ದರೆ ಅಷ್ಟೆಲ್ಲ ಶ್ರಮ ಯಾರಿಗೂ ಬೇಕಿರಲಿಲ್ಲ.

ಇನ್ನು ಗರಿಗಳು. ಹದ್ದು ಗರಿ ಬದಲಿಸುವುದು ನಿಜ, ಆದರೆ ಒಮ್ಮೆಲೇ ಅಲ್ಲ. ಎರಡೂ ರೆಕ್ಕೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಕೆಲವೇ ಗರಿಗಳು ಉದುರಿ, ಅವುಗಳ ಜಾಗದಲ್ಲಿ ಹೊಸವು ಬೆಳೆದು, ಆಮೇಲೆ ಮುಂದಿನವು ಉದುರುತ್ತವೆ. ಇಷ್ಟು ದೊಡ್ಡ ಹಕ್ಕಿಯ ಹಾರುಗರಿಗಳೆಲ್ಲ ಬದಲಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ಮತ್ತು ಅಷ್ಟೂ ಕಾಲ ಅದು ಹಾರುತ್ತಲೂ ಬೇಟೆಯಾಡುತ್ತಲೂ ಇರುತ್ತದೆ. ಎಲ್ಲ ಗರಿಗಳನ್ನೂ ಕಿತ್ತುಕೊಂಡ ಹದ್ದು ಹಾರಲಾರದು, ಉಗುರಿಲ್ಲದ ಹದ್ದು ಮೀನು ಹಿಡಿಯಲಾರದು, ಕೊಕ್ಕಿಲ್ಲದ ಹದ್ದು ಸಿಕ್ಕಿದ್ದನ್ನೂ ಹರಿದು ತಿನ್ನಲಾರದು. ಹೆಣ್ಣು ಹದ್ದು ಗಂಡಿಗಿಂತ ದೊಡ್ಡದು, ಆದರೂ ಅದರ ತೂಕ ಹೆಚ್ಚೆಂದರೆ ನಾಲ್ಕೂವರೆ ಕಿಲೊ. ಅಷ್ಟು ಸಣ್ಣ ದೇಹ ಐದು ತಿಂಗಳ ಉಪವಾಸವನ್ನು ತಾಳುವುದಿಲ್ಲ.

ಎಪ್ಪತ್ತು ವರ್ಷವೂ ಉತ್ಪ್ರೇಕ್ಷೆಯೇ. ಕಾಲಿಗೆ ಉಂಗುರ ತೊಡಿಸಿ ವಯಸ್ಸು ಖಚಿತಪಡಿಸಿಕೊಂಡ ಕಾಡಿನ ಬೋಳುತಲೆ ಹದ್ದುಗಳಲ್ಲಿ ಅತಿ ಹಿರಿಯದೆಂದು ಹೆಸರಾದದ್ದು 38 ವರ್ಷದ್ದು. ಕಡಲ ಹದ್ದಿನ ಆಯಸ್ಸನ್ನು ಸುಮಾರು ಮೂವತ್ತು ವರ್ಷವೆಂದು ಎಣಿಸುತ್ತಾರೆ.

ಈ ಕಥೆಯನ್ನು ಸ್ಫೂರ್ತಿಗಾಗಿ ಹೇಳುತ್ತೇವೆ ಎನ್ನುವವರಿಗೆ ನನ್ನ ವಿನಂತಿ ಇಷ್ಟೇ: ಸ್ಫೂರ್ತಿಗೆ ಈ ಹಕ್ಕಿಯ ನಿಜವಾದ ಬದುಕೇ ಧಾರಾಳವಾಗಿ ಸಾಕು. ಎರಡು ಮೀಟರ್‌ ಅಗಲದ ರೆಕ್ಕೆ ಹರವಿ ನೀರಿನ ಮೇಲ್ಮೈಯಿಂದ ಮೀನನ್ನಷ್ಟೇ ಅಲ್ಲ, ವಿಷದ ಕಡಲ ಹಾವನ್ನೂ ಅದು ಎತ್ತಿಕೊಂಡು ಹೋಗುತ್ತದೆ. ಎತ್ತರದ ಮರದಲ್ಲಿ ಕಟ್ಟಿದ ಕಡ್ಡಿಗೂಡನ್ನೇ ಜೋಡಿ ವರ್ಷವರ್ಷವೂ ದುರಸ್ತಿ ಮಾಡಿ ದೊಡ್ಡದು ಮಾಡುತ್ತ ಹೋಗುತ್ತದೆ. ಸಾಮಾನ್ಯವಾಗಿ ಇಡುವ ಎರಡು ಮೊಟ್ಟೆಗಳಿಗೆ ಆರು ವಾರ ಕಾವು ಕೊಟ್ಟರೂ ಅನೇಕ ಸಲ ಒಂದೇ ಮರಿ ಉಳಿಯುತ್ತದೆ.

ಇದೇ ಸಂದರ್ಭದಲ್ಲಿ, ಯಾರೂ ನೇರವಾಗಿ ಕೇಳದಿದ್ದರೂ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಬೈನಾ ಕಿನಾರೆಯಿಂದಲೂ ಪಣಜಿಯ ಮಾಂಡವಿ ದಡದಿಂದಲೂ ತೆಗೆದು ‘ಕಡಲ ಹದ್ದು’ ಎಂದು ನನಗೆ ಕಳುಹಿಸುವ ಚಿತ್ರಗಳಲ್ಲಿ ಹೆಚ್ಚಿನವು ಗರುಡನವು. ನಮ್ಮ ಹಿರಿಯರು ಕಂಡೊಡನೆ ಕೈಮುಗಿಯುವ ಆ ಹಕ್ಕಿಯ ಮೈ ಇಟ್ಟಿಗೆಗೆಂಪು. ತಲೆ ಮತ್ತು ಎದೆ ಮಾತ್ರ ಬಿಳಿ. ಗಾತ್ರದಲ್ಲಿ ಅದು ಬಹಳ ಚಿಕ್ಕದು. ಬೆಳೆದ ಕಡಲ ಹದ್ದಿಗೆ ತಲೆಯಿಂದ ಹೊಟ್ಟೆಯ ತನಕ ಬಿಳಿ, ಬೆನ್ನು ಮತ್ತು ರೆಕ್ಕೆಯ ಮೇಲ್ಭಾಗ ಬೂದು. ತೇಲುವಾಗ ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಬಾಲ ಗಿಡ್ಡ, ಬೆಣೆಯ ಆಕಾರದ್ದು.

ಗೊಂದಲ ಹೆಚ್ಚಿಸುವುದು ಎಳೆಯ ಕಡಲ ಹದ್ದು. ಮೈಯೆಲ್ಲ ಕಂದಾಗಿರುವ ಅದು ಪೂರ್ತಿ ಬಿಳಿ–ಬೂದು ಬಣ್ಣಕ್ಕೆ ತಿರುಗಲು ನಾಲ್ಕೈದು ವರ್ಷ ಬೇಕು, ಮತ್ತು ಆ ನಡುವಿನ ವರ್ಷಗಳಲ್ಲಿ ಅದರ ಗರಿಗಳು ತೇಪೆ ಹಾಕಿದಂತೆ ಮಚ್ಚೆಮಚ್ಚೆಯಾಗಿರುತ್ತವೆ. ಕಾಬೊ ದ ರಾಮಾದ ಬಂಡೆಗಳ ಕಡೆ ಇಂಥದ್ದನ್ನು ಕಂಡು ‘ಮರುಹುಟ್ಟಿನ ಹದ್ದು’ ಎಂದು ಬರೆದು ಕಳುಹಿಸಿದವರಿದ್ದಾರೆ. ಅದು ಮುದಿ ಹದ್ದಲ್ಲ, ಪ್ರಾಯಕ್ಕೆ ಬರುತ್ತಿರುವ ಮರಿ. ಇನ್ನು ಮುಂದೆ ಚಿತ್ರ ಕಳುಹಿಸುವವರು ದಯವಿಟ್ಟು ಬಾಲದ ತುದಿ ಕಾಣುವಂತೆ ತೆಗೆಯಿರಿ. ಬೆಣೆಯಂತಿದ್ದರೆ ಕಡಲ ಹದ್ದು, ದುಂಡಗಿದ್ದರೆ ಗರುಡ.